ಸುಣ್ಣದ ಗೆರೆ

ಇನ್ನೂ ಒಂದು ಪಂದ್ಯ ಆಗಿಲ್ಲ,
ಕಾರವಾರದ ಕಾಲೇಜು ಬೋರ್ಡಿಗೆ ಪಟ್ಟಿ ಬಂತು:
ಈ ಸಲದ ಕಬಡ್ಡಿಗೆ ಉತ್ತಮ ಹಿಡಿತಗಾರ
ಯಾರಾಗಬಹುದು?

ರೈಟ್ ಕಾರ್ನರ್ ಜುಜೆ ಸಿದ್ದಿ, ಯಲ್ಲಾಪುರದವ.
ಪಾದ ಸಿಕ್ಕರೆ ಬಿಡ.
ಲೆಫ್ಟಿಗೆ ದಿಗಂಬರ,
ತೊಡೆ ಹಿಡಿದರೆ ಉಡದ ಪಟ್ಟು.
ಮೂರನೆಯವನ ಆಟ ನಾನು ನೋಡಿಲ್ಲ,
ಪಿ.ಇ. ಸರ್ ಅಕ್ಕನ ಮಗನಂತೆ.

ನಾನು ಅಂಕಣಕ್ಕೆ ಗೆರೆ ಎಳೆಯುವವ,
ಸುಣ್ಣದ ಬಕೆಟ್ಟಿನವ.
ನನ್ನ ಕೇಳಿದವರಿಲ್ಲ.

ಜುಜೆ ನೆಲಕ್ಕೆ ಹಾರುವ ತನಕ
ಅವನ ಎಡಗೈ ಹಿಡಿದಿರುವವ ಒಬ್ಬನಿದ್ದಾನೆ,
ಬೈತಕೋಲದ ಉಮಾಕಾಂತ ಹರಿಕಂತ್ರ.
ರಂಪಣಿ ಹಗ್ಗ ಕೊಯ್ದ ಅಂಗೈ.
ಯಾವಾಗ ಬಿಡಬೇಕೆಂದು
ಆ ಕೈಗೇ ಗೊತ್ತು.

ನಿನ್ನೆ ಪಟ್ಟಿ ಓದಿದ. ಎರಡು ಸಲ.
ಆಮೇಲೆ ನಕ್ಕು,
"ಬೀರಣ್ಣ, ಗೆರೆ ವಾರೆ ಬಿದ್ದದೆ ನೋಡು" ಅಂದ.

ಬಗ್ಗಿ ನೋಡಿದೆ.
ವಾರೆ ಇರಲಿಲ್ಲ.