ಕೊನೆಯ ಅಂಕಿ

ದಾಳ ಹಾಕಿದರೆ ಜೂಜು ಎಂದರು ಶಾಲೆಯವರು.
ಕವಡೆ ಹಾಕಿದರೆ ಹಳ್ಳಿಯಾಟ ಎಂದರು
ಲೋಹಾರ ಚಾಳಿನ ಅಂಗಡಿಯವರು, ಡಬ್ಬಿಯ ಮುಚ್ಚಳ ತೆಗೆಯದೆಯೇ.
ವಾಪಸು ಬರುವ ಟ್ರಾಮಿನಲ್ಲಿ
ಮಥುರಾಬಾಯಿ ಹಟ್ಟಂಗಡಿ
ಬೆರಳಿಗೆ ಸುತ್ತಿದ ಟಿಕೆಟು ಬಿಡಿಸಿ ನಂಬರು ಓದಿದರು.
ಕೊನೆಯ ಅಂಕಿ ನಾಲ್ಕು.
ನಾಲ್ಕನೆಯ ಸ್ಟಾಪಿನಲ್ಲಿ ಇಳಿದೇಬಿಟ್ಟರು,
ಮನೆ ಇನ್ನೂ ದೂರವಿತ್ತು.

ಹಾಗೆ ಹುಟ್ಟಿತು ಆಟ.
ಅವರು ಹೇಳುವಾಗ ಪ್ರತಿ ಸಲ ಬೇರೆ:
ಒಮ್ಮೆ ಅಂಕಿ ಏಳು, ಒಮ್ಮೆ ಜೋರು ಮಳೆ,
ಒಮ್ಮೆ ಟ್ರಾಮೇ ಅಲ್ಲ, ಮಧ್ಯಾಹ್ನದ ಜೊಂಪು.
ನಾನು ನಾಲ್ಕನ್ನು ಇಟ್ಟುಕೊಂಡಿದ್ದೇನೆ.

ಠಾಕುರದ್ವಾರ, ಎರಡನೆಯ ಮಾಳಿಗೆ,
ಪಕ್ಕದ ಖೋಲಿಯ ಹುಡುಗಿ ನಾನು, ಒಂಬತ್ತು ವರ್ಷ.
ಆಟ ನಡೆಯುತ್ತದೋ ನೋಡಲು
ಸೋಲುವವರೊಬ್ಬರು ಬೇಕಿತ್ತು ಮಥುರಕ್ಕನಿಗೆ.
ದಿನಕ್ಕೆ ಮೂರು ಸಲ ಸೋತೆ. ಕೂಲಿ ಒಂದು ಚಕ್ಕುಲಿ.
ಅತ್ತರೆ ಸಮಾಧಾನ ಮಾಡುತ್ತಿರಲಿಲ್ಲ,
ದೋಬಿ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು:
‘ಹದಿನೇಳನೆಯ ಮನೆಯಲ್ಲಿ ಅತ್ತಳು. ತೆಗೆಯಬೇಕು.’
ಭಾಯಖಳಾದ ಮನೆ ಅದು.
ಕರೆಂಟು ಹೋಗಿ ಟ್ರಾಮು ನಿಲ್ಲುತ್ತದೆ,
ಎರಡು ಸರದಿ ಸುಮ್ಮನೆ ಕೂರಬೇಕು.
ಮರುದಿನ ನೋಡಿದರೆ ಮನೆ ಅಲ್ಲೇ ಇದೆ.
‘ಅಳು ಬಾರದ ಆಟಕ್ಕೆ
ಹದಿನಾಲ್ಕಾಣೆ ಯಾರು ಕೊಡುತ್ತಾರೆ, ಹೇಳು?’

ಹೊಲಿಗೆ ಯಂತ್ರ ಮಾರಿದರು. ಸಾವಿರ ಹಾಳೆ ಅಚ್ಚಾಯಿತು.
ಯುದ್ಧದ ಕಾಲ, ನೀಲಿ ಮಸಿ ಸಿಗಲಿಲ್ಲ,
ಖೇತವಾಡಿಯ ಅಚ್ಚಿನವನು ಸಮುದ್ರವನ್ನು ಕೆಂಪು ಮಾಡಿ ಕಳಿಸಿದ.
ಮಕ್ಕಳು ಯಾರೂ ಕೇಳಲಿಲ್ಲ.
ದೊಡ್ಡವರು ಕೇಳಿದಾಗ, ‘ಸಂಜೆ’ ಎಂದರು.

ಮೈದಾ ಅಂಟಿಗೆ ಜಿರಲೆ ಬಾರದಂತೆ ಮೈಲುತುತ್ತ,
ಕಾಯಿಗೆ ದರ್ಜಿಯ ಅಂಗಡಿಯ ಒಂಟಿ ಗುಂಡಿಗಳು.
ನಿಯಮದ ಚೀಟಿ ನಾಲ್ಕು ಭಾಷೆಯಲ್ಲಿ.
‘ದಾದರು ಮುಟ್ಟಿದ ಕಾಯಿ ಹಣ್ಣು.’
ಕೋಟಿನ ಗುಂಡಿ ಹೇಗೆ ಹಣ್ಣಾಗುತ್ತದೆ ಬಾಯಿ,
ಎಂದು ತಲೆ ಕೆರೆದುಕೊಂಡರು ಮರಾಠಿಗೆ ಮಾಡಿದ ಮಾಸ್ತರರು.
ಆ ಸಾಲು ಕನ್ನಡದಲ್ಲಿ ಮಾತ್ರ ಉಳಿಯಿತು.

ಡಬ್ಬಿಯಲ್ಲಿ ದಾಳವಿಲ್ಲ, ಕವಡೆಯಿಲ್ಲ.
ಗರ ಬೇಕಾದವರು ಬೀದಿಗಿಳಿಯಬೇಕು.
ಎರಡು ವರ್ಷ ಗಿರಗಾಂವಿನ ಮಕ್ಕಳು
ಸ್ಟಾಪಿನಲ್ಲಿ ಬಗ್ಗಿ ಬಗ್ಗಿ ಟಿಕೆಟು ಹೆಕ್ಕಿದರು,
ಕಸ ಗುಡಿಸುವವನು ಬೈದ, ಆಮೇಲೆ
ಒಂಬತ್ತರಲ್ಲಿ ಮುಗಿಯುವುದನ್ನು ಬೇರೆ ತೆಗೆದಿಟ್ಟು ಮಾರಿದ.

ಕಾಲಬಾದೇವಿಯ ಒಂದು ಪೇಢಿ ಅದೇ ಆಟ ತಂದಿತು.
ಸಮುದ್ರ ನೀಲಿ, ಒಳಗೆ ಒಂದು ಜೊತೆ ದಾಳ,
ಬೆಲೆ ಎರಡಾಣೆ ಕಡಿಮೆ.
ಈ ಸಲ ಜೂಜು ಎನ್ನಲಿಲ್ಲ ಯಾವ ಶಾಲೆಯೂ.
ವಕೀಲರು ಕೇಳಿದರು: ‘ಟ್ರಾಮು ನಿಮ್ಮದೇನಮ್ಮಾ?’
ಬರುವಾಗ ದುಡ್ಡು ಕೊಟ್ಟು ಒಂದು ಡಬ್ಬಿ ತಂದರು,
ನನ್ನೊಡನೆ ಕೂತು ಆಡಿದರು, ಸೋತರು.
ಬೆರಳಿಂದ ಮನೆಗಳನ್ನು ಎಣಿಸುತ್ತ ಹೋಗಿ
ಭಾಯಖಳಾದಲ್ಲಿ ನಿಲ್ಲಿಸಿ,
‘ನೋಡು, ಹದಿನೇಳು ಬಿಟ್ಟಿದ್ದಾರೆ ದಡ್ಡರು’
ಎಂದು ಆ ರಾತ್ರಿ ಎರಡು ಸೇರು ಅಕ್ಕಿಯ ಚಕ್ಕುಲಿ ಮಾಡಿದರು.

ಆಮೇಲಿನದು ಸಾಲ, ಮಂಚದಡಿ ಇನ್ನೂರ ಹತ್ತು ಡಬ್ಬಿ,
ಒಂದೊಂದೇ ಹಳಿ ಕಿತ್ತು ಡಾಮರು ಹಾಕಿದ ರಸ್ತೆಗಳು.
ಟ್ರಾಮಿನ ಕೊನೆಯ ರಾತ್ರಿ
ಬೋರಿಬಂದರಿನಲ್ಲಿ ಕಾಲಿಡಲು ಜಾಗವಿಲ್ಲ.
ನನ್ನ ಮೂರು ವರ್ಷದ ಮಗ ಅವರ ಹೆಗಲ ಮೇಲೆ.
ಬೆವರಿದ ಕೈಯಲ್ಲಿ ಟಿಕೆಟು ನೆನೆದು
ಅಂಕಿ ಕದಡಿಹೋಗಿತ್ತು, ಮೂರೋ ಎಂಟೋ.
ಮೂರು ಎಂದೆ ನಾನು.
ಎಂಟು, ನಿನಗೆ ಕಣ್ಣು ಕಾಣುವುದಿಲ್ಲ, ಎಂದರು.
ಪರೇಲಿನ ತನಕ ಜಗಳ, ಪಕ್ಕದವರೂ ಸೇರಿಕೊಂಡರು,
ಕಂಡಕ್ಟರು ಟಾರ್ಚು ಹಿಡಿದು ನೋಡಿ
ತನಗೆ ಆರು ಕಾಣುತ್ತದೆ ಎಂದ.

ಡಬ್ಬಿಗಳಲ್ಲಿ ಒಂದು ನನ್ನಲ್ಲಿದೆ.
ಮೈಲುತುತ್ತದ ಪುಣ್ಯ, ಹುಳು ಮುಟ್ಟಿಲ್ಲ.
ಸಮುದ್ರ ಈಗ ಪೇರಳೆಯ ಒಳಗಿನಷ್ಟು ಗುಲಾಬಿ.
ಗುಂಡಿ ಒಂದು ಕಳೆದಿತ್ತು,
ಮಗನ ಶಾಲೆಯ ಅಂಗಿಯದು ಕಿತ್ತು ಹಾಕಿದ್ದೇನೆ.