ಬೂದು ಅಂಗೈ

ಜನ್ನೆತ್, ಮೊದಲು ಈ ಕೈಗವಸು ಹಾಕಿಕೊ.
ವಿಷವಲ್ಲ, ಹೆದರಬೇಡ. ಕಲೆ ಅಂಟುತ್ತದೆ, ಅಷ್ಟೆ:
ಮೂರು ಸಲ ಸೋಪು ಹಾಕಿದರೂ
ಅಂಗೈಗೆರೆಗಳಲ್ಲಿ ಉಳಿಯುವ ಬೂದು.
ಆ ಬೂದಿನ ಒಂದು ಕಥೆ ನಿನಗೆ ಬಾಕಿಯಿದೆ.

ರೈಲು ನಾಲ್ಕು ಕಿಲೋಮೀಟರು ಬೆಟ್ಟದ ಹೊಟ್ಟೆಗೆ ಬಂತಲ್ಲ,
ಈಗ ನಮ್ಮ ತಲೆಯ ಮೇಲೆ ಎರಡು ಸಾವಿರ ಮೀಟರು ಕಲ್ಲು,
ಕಲ್ಲಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ಯಾರದೋ ಕುರಿ.
ಸೂರ್ಯನಿಂದ ಹೊರಟದ್ದೊಂದು ಇಷ್ಟನ್ನೂ ದಾಟಿ
ಕದ ತಟ್ಟದೆ ಬರುತ್ತದೆ, ಹೇಳದೆ ಹೋಗುತ್ತದೆ.
ಕೋಟಿ ಕೋಟಿಯಲ್ಲಿ ಎಲ್ಲೋ ಒಂದು
ಈ ಕೊಪ್ಪರಿಗೆಗಳಲ್ಲಿ ಎಡವುತ್ತದೆ;
ಎಡವಿದಲ್ಲಿ ಗ್ಯಾಲಿಯಂ ಜರ್ಮೇನಿಯಂ ಆಗುತ್ತದೆ.
ತಿಂಗಳಿಗೊಮ್ಮೆ ಐವತ್ತು ಟನ್ನು ಕಡೆದು
ನಾವು ತೆಗೆಯುವ ಬೆಣ್ಣೆ: ಕೆಲವು ಹತ್ತು ಪರಮಾಣು.
ನಗಬೇಡ. ಅದಕ್ಕೇ ಸಂಬಳ.

ಇದಕ್ಕೆ ತನ್ನದೇ ಗಣಿಯಿಲ್ಲ. ನೆಂಟರ ಮನೆಯಲ್ಲಿ ಬೆಳೆದ ಕೂಸು.
ಬಾಕ್ಸೈಟಿನಲ್ಲಿ, ಸತುವಿನ ಅದಿರಿನಲ್ಲಿ,
ಟನ್ನು ಮಣ್ಣಿಗೆ ಎರಡು ಚಮಚದಷ್ಟು.
ನನ್ನ ಸೋದರಮಾವ ತೊಕಾಯ್
ಪಾವ್ಲೊದಾರಿನಲ್ಲಿ ಕೆಂಪು ಮಣ್ಣನ್ನು ಕ್ಷಾರದಲ್ಲಿ ಬೇಯಿಸುತ್ತಿದ್ದ.
ನಮ್ಮವರನ್ನೆಲ್ಲ ಒಂದೇ ದಿನ ದನದ ಡಬ್ಬಿಗಳಲ್ಲಿ ತುಂಬಿ
ಪೂರ್ವಕ್ಕೆ ಸಾಗಿಸಿದ್ದರಲ್ಲ,
ಹದಿಮೂರು ವರ್ಷದ ಮೇಲೆ ಊರು ಮರಳಿತು, ಅವನು ಮರಳಲಿಲ್ಲ.
ಒಮ್ಮೆ ಬಂದಾಗ ಅಜ್ಜಿಗೊಂದು ಹೊಳೆಯುವ ಚಮಚ ತಂದ.
ಬಿಸಿ ಚಹಾದಲ್ಲಿ ಅಜ್ಜಿ ಒಂದು ಸುತ್ತು ತಿರುಗಿಸಿದಳು,
ಎರಡನೇ ಸುತ್ತಿಗೆ ಕೈಯಲ್ಲಿ ಬರೀ ಹಿಡಿ.
ಲೋಟ ಅಂಗಳಕ್ಕೆಸೆದು ಮೂರು ದಿನ ಅವನೊಡನೆ ಮಾತಾಡಲಿಲ್ಲ.

ಯಾರೂ ಕಾಣುವ ಮೊದಲೇ ಪೀಟರ್ಸ್‌ಬರ್ಗಿನ ಗಡ್ಡದವನೊಬ್ಬ
ಧಾತುಗಳ ಪಟ್ಟಿಯಲ್ಲಿ ಇದಕ್ಕೊಂದು ಖಾಲಿ ಮನೆ ಬಿಟ್ಟಿದ್ದ.
ದೂರದ ಹಳೆಯ ಭಾಷೆಯಿಂದ ‘ಏಕ’ ಎಂಬ ಪದ ಸಾಲ ತಂದು
ಏಕ-ಅಲ್ಯುಮಿನಿಯಂ ಎಂದು ಕರೆದಿದ್ದ.
ಪ್ಯಾರಿಸಿನವ ಅದನ್ನು ಕಂಡು, ತೂಗಿ, ಬರೆದಾಗ
‘ತಪ್ಪಿದೆ, ಇನ್ನೊಮ್ಮೆ ತೂಗಿ’ ಎಂದು ಇಲ್ಲಿಂದ ಪತ್ರ ಹೋಯಿತು.
ತೂಗಿದರು. ನೋಡದವನ ಲೆಕ್ಕವೇ ಸರಿ.

ಈಗ ನಿಮ್ಮಪ್ಪ.
ಆ ಚಳಿಗಾಲ ಏಳು ತಿಂಗಳಿಂದ ಸಂಬಳವಿಲ್ಲ.
ನೀನು ಹುಟ್ಟಿ ಒಂಬತ್ತು ದಿನ.
ಖಿಜಿರ್ ರಾತ್ರಿ ಪಾಳಿಯಲ್ಲಿ ನಾಲ್ಕು ಲೀಟರು ಇಳಿಸಿಕೊಂಡ,
ಇಪ್ಪತ್ತನಾಲ್ಕು ಕಿಲೋ.
ಯಾವುದರಲ್ಲಿ? ನಿಮ್ಮಜ್ಜಿಯ ಹಾಲಿನ ಕ್ಯಾನಿನಲ್ಲಿ.
ಅಲ್ಯುಮಿನಿಯಂ!
ನಲವತ್ತು ವರ್ಷ ಮರಳು ಹಾಕಿ ಉಜ್ಜಿದ ಒಳಮೈ, ತುಂಬ ಗೀರು.
ಪಟ್ಟಿಯಲ್ಲಿ ಇದು ಅದರ ತಮ್ಮ, ಕೆಳಗಿನ ಮನೆ;
ತಮ್ಮ ಅಣ್ಣನ ಗೋಡೆಯ ಸಂದಿ ಸಂದಿಗೆ ನುಸುಳಿ
ಇಡೀ ಗೋಡೆಯನ್ನು ಹಪ್ಪಳ ಮಾಡಿಟ್ಟ.

ಬೆಳಗಿನ ರೈಲಿಗೆ ನಾನು ಬಂದೆ.
ಸುರಂಗದ ಬಾಯಲ್ಲಿ ನಿಮ್ಮಪ್ಪ ಮಂಡಿಯೂರಿದ್ದ.
ಕೈಯಲ್ಲಿ ಕ್ಯಾನಿನ ಹಿಡಿ. ಉಳಿದದ್ದೆಲ್ಲ ಹಿಮದ ಮೇಲೆ,
ಹರಿದಲ್ಲೇ ಹೆಪ್ಪಾಗಿ.
ಬಾಚಿ ಎತ್ತುತ್ತಿದ್ದ. ಎತ್ತಿದ್ದು ಅಂಗೈ ಕಾವಿಗೆ ಕರಗಿ
ಬೆರಳ ನಡುವೆ ಜಾರಿ ಮತ್ತೆ ಹಿಮಕ್ಕೆ.
ಗಟ್ಟಿಯಾಗಿ ಹಿಡಿದಷ್ಟೂ ಬೇಗ.
ನಾನೊಂದು ದಂತಕವಚದ ಬೋಗುಣಿ ತಂದು ಪಕ್ಕದಲ್ಲಿಟ್ಟೆ.
ಇಬ್ಬರೂ ಹೆಕ್ಕಿದೆವು. ಮಾತಿಲ್ಲ.
ಎರಡು ಸಲ ತೂಗಿದೆ. ಮುನ್ನೂರು ಗ್ರಾಂ ಕಡಿಮೆ.
ದಾಖಲೆಯಲ್ಲಿ ಬರೆದೆ: ಚೆಲ್ಲಿದ್ದು.
ಇನ್ನೊಮ್ಮೆ ತೂಗಿ ಎಂದು ಯಾರಿಂದಲೂ ಪತ್ರ ಬರಲಿಲ್ಲ.

ಆ ಸಂಜೆ ನಿನ್ನ ಬಿಳಿ ಬಟ್ಟೆಯ ಮೇಲೆ
ಹತ್ತು ಬೂದು ಬೆರಳು. ನಿಮ್ಮಮ್ಮ ಕೇಳಿದಳು.
ಬ್ಯಾಟರಿ ಮಸಿ ಎಂದ.

ಫೋನಿನ ದೀಪ ಆರಿಸು.
ಆ ಬಿಳುಪಿನ ಒಳಗೂ ಸಾರಜನಕದ ಕೈಹಿಡಿದು ಇದೇ ಕೂತಿದೆ,
ನೀಲಿಯಾಗಿ; ಅದನ್ನು ಆಮೇಲೆ ಹೇಳುತ್ತೇನೆ.
ಈಗ ಈ ಮುಳ್ಳು ನೋಡು: ಮೂವತ್ತಕ್ಕಿಂತ ಕೆಳಗಿಳಿಯಬಾರದು.
ನೀರಿನ ಹಾಗೆ ಇದೂ ಹೆಪ್ಪಾದರೆ ಹಿಗ್ಗುತ್ತದೆ,
ಕೊಪ್ಪರಿಗೆ ಸೀಳೀತು.
ಕರೆಂಟು ಹೋದರೆ ಮೊದಲು ನನ್ನನ್ನು ಎಬ್ಬಿಸು.
ಎಡಗೈಯ ಗವಸು ಹೆಬ್ಬೆರಳ ಬಳಿ ಸ್ವಲ್ಪ ಹರಿದಿದೆ.