ತಾರೀಖು ಮೊದಲು ಹೇಳು

ಅಳುವುದು ಆಮೇಲೆ, ಅಮ್ಮಿ. ತಾರೀಖು ಮೊದಲು ಹೇಳು.
ಕಾಗದದ ನೆತ್ತಿಯ ಮೇಲಿರುತ್ತದಲ್ಲ, ಅದು.
ಮಂಡ್ಯದ ತಾಲ್ಲೂಕು ಕಚೇರಿ ಎದುರು, ಹೊಂಗೆ ಮರದಡಿ
ಇಪ್ಪತ್ತೆಂಟು ವರ್ಷ ಟೈಪ್ ಹೊಡೆದ ಕೈ ಇದು.
ಖಾತೆ, ಪೋಡಿ, ವಿಧವಾ ವೇತನ, ಪಡಿತರ ಚೀಟಿ,
ತಿರಸ್ಕೃತ ಎಂಬ ಮೊಹರು ನನಗೆ
ದಿನಾ ಎದುರಾಗುವ ನೆಂಟ.
ಬಂದವನಿಗೆ ಮಣೆ ಹಾಕಬೇಕಿಲ್ಲ,
ಯಾವತ್ತು ಬಂದ ಎಂದು ಬರೆದಿಟ್ಟುಕೊಳ್ಳಬೇಕು.

ಅಲ್ಲಿ ನಡುರಾತ್ರಿ. ಇಲ್ಲಿ ಹತ್ತೂವರೆ,
ಆಪೀಸಿನ ಬೀಗ ಈಗಷ್ಟೇ ತೆಗೆದಿದ್ದಾರೆ.
ಸಕ್ಕರೆ ಕಾರ್ಖಾನೆ ಕಡೆಯ ಗಾಳಿಗೆ
ಸುಟ್ಟ ಬೆಲ್ಲದ ಹುಳಿ ವಾಸನೆ.
ಸಡ್ಬರಿ ಅಂತೀಯಲ್ಲ ಆ ಊರು,
ಅಲ್ಲಿ ಏನು ವಾಸನೆ ಅಂದೆ.
ಏನೂ ಇಲ್ಲ ಅತ್ತೆ, ಹಿಮಕ್ಕೆ ವಾಸನೆ ಇಲ್ಲ,
ಅಂದಳು ಸಿಂಚನಾ, ಮೂಗು ಒರೆಸುತ್ತ.

ಓದಿದಳು. ಇಂಗ್ಲಿಷಿನಲ್ಲೂ ಅದೇ ಭಾಷೆ:
ವಿಷಾದದಿಂದ ತಿಳಿಸುವುದೇನೆಂದರೆ.
ಓದು ಮುಗಿದ ಮೇಲೆ ದುಡಿಯುವ ಪರವಾನಗಿ ಇಲ್ಲ.
ಒಂದು ಟರ್ಮಿನಲ್ಲಿ ಮೂರರ ಬದಲು ಎರಡೇ ವಿಷಯ,
ಆದ್ದರಿಂದ ಪೂರ್ಣಾವಧಿ ವಿದ್ಯಾರ್ಥಿನಿ ಅಲ್ಲ.
ಕಾರಣ ತೋರಿಸುವ ದಾಖಲೆ ಲಗತ್ತಿಸಿಲ್ಲ.

ನಾಳೆಯಿಂದ ಆ ವೃದ್ಧಾಶ್ರಮದ ಕೆಲಸಕ್ಕೂ ಹೋಗುವಂತಿಲ್ಲ.
ರಾತ್ರಿ ಪಾಳಿಯಲ್ಲಿ ಒಬ್ಬ ಮುದುಕಪ್ಪನಿಗೆ
ಕಾಲುಚೀಲ ಹಾಕುತ್ತಿದ್ದಳಂತೆ,
ಇನ್ಯಾರು ಹಾಕಿದರೂ ಅವನಿಗೆ ಆಗದಂತೆ.
ಅದಕ್ಕೇ ಹೆಚ್ಚು ಅಳು.

ದಾರಿಗಳೇನು ಅಂದೆ.
ಅವರಿಗೇ ಮತ್ತೆ ಬರೆದು, ಮರುಪರಿಶೀಲಿಸಿ ಎನ್ನಬಹುದಂತೆ.
ತೊಂಬತ್ತು ದಿನದೊಳಗೆ ಹಣ ಕಟ್ಟಿ
ಕಳೆದ ಸ್ಥಾನ ಹಿಂದಿರುಗಿಸಿ ಅಂತ ಕೇಳಬಹುದಂತೆ.
ಕೋರ್ಟಿಗೆ ಹದಿನೈದೇ ದಿನ,
ವಕೀಲನ ಫೀಸಿನಲ್ಲಿ ಒಂದು ವರ್ಷದ ಬಾಡಿಗೆ ಕಟ್ಟಬಹುದು.
ಇನ್ನೊಂದು ಕೋರ್ಸಿಗೆ ಸೇರಿದರೂ
ಈ ಪರವಾನಗಿ ಸಿಗುತ್ತೋ ಇಲ್ಲವೋ.
ಪಕ್ಕದ ರೂಮಿನವನು ಹೇಳಿದ್ದಾನೆ:
ಸುಮ್ಮನೆ ಉಳಿದುಬಿಡು, ಯಾರು ನೋಡ್ತಾರೆ.
ಅವನ ನಂಬರು ಅಳಿಸು ಅಂದೆ.
ವಾಪಸು ಬರುವುದೂ ಒಂದು ದಾರಿ ಅಂದೆ.
ಆ ತುದಿಯಲ್ಲಿ ಹೀಟರು ಗುಂಯ್‌ಗುಡುವುದು ಕೇಳಿಸಿತು.

ಬುಡು, ಅದು ಕೊನೇದು. ಆ ಟರ್ಮಿನಲ್ಲಿ ಏನಾಗಿತ್ತು?
ನಿಮಗೆ ಗೊತ್ತಲ್ಲ ಅತ್ತೆ.

ಗೊತ್ತು.
ಬಸ್ ಸ್ಟಾಪಿನ ಮಂಜುಗಡ್ಡೆ ಮೇಲೆ ಜಾರಿ
ಬಲಗೈ ಮಣಿಕಟ್ಟು ಮುರಿದಿತ್ತು.
ನನಗೆ ಫೋಟೋ ಕಳಿಸಿದ್ದಳು, ಬಿಳಿ ಪಟ್ಟಿ,
ಅದರ ಮೇಲೆ ಗೆಳತಿ ಯಾರೋ ಬರೆದ ಒಂದು ಕಬ್ಬಿನ ಜಲ್ಲೆ,
ಬಿದಿರಿನ ಥರ ಇತ್ತು.
ಅಮ್ಮನಿಗೆ ಹೇಳಬೇಡಿ ಅಂದಿದ್ದಳು. ಹೇಳಲಿಲ್ಲ.
ಕಾಲೇಜಿಗೂ ಹೇಳಲಿಲ್ಲವಂತೆ ಅವಳು,
ರಜೆ ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು.
ಎಡಗೈಯಲ್ಲಿ ಎರಡು ಪರೀಕ್ಷೆ ಬರೆದಳು.

ಈ ಕಸುಬಿನಲ್ಲಿ ನಾನು ಕಲಿತದ್ದು ಇಷ್ಟೇ:
ಕಾಗದವಿಲ್ಲದ ನೋವು ಕಚೇರಿಗೆ ಕಾಣುವುದಿಲ್ಲ.
ಎಷ್ಟು ಜನರಿಗೆ ಬೈದಿದ್ದೇನೆ ಇದೇ ಮಾತಿಗೆ.
ಇಲ್ಲಿ ನೋಡಿದರೆ ಆ ಕಾಗದವನ್ನು
ನಾನೇ ಮುಚ್ಚಿಟ್ಟುಕೊಂಡು ಕೂತಿದ್ದೆ, ಅಕ್ಕರೆಯಿಂದ.

ಫೋನು ತಡಕಿದೆ. ಬೆರಳ ತುಂಬ ಕಾರ್ಬನ್ ಮಸಿ, ಗಾಜೆಲ್ಲ ನೀಲಿ.
ಮದುವೆ ಕರೆಯೋಲೆ, ಗುಡ್ ಮಾರ್ನಿಂಗ್ ಹೂವು, ಯಾರದೋ ಪಹಣಿ,
ಎಲ್ಲದರ ಕೆಳಗೆ ಆ ಪಟ್ಟಿ ಕಟ್ಟಿದ ಕೈ.
ಫೆಬ್ರವರಿ ಹನ್ನೊಂದು. ಬೆಳಿಗ್ಗೆ ಆರು ಹತ್ತು.
ಹಿಂದಿನ ಗೋಡೆಯಲ್ಲಿ ಆಸ್ಪತ್ರೆಯ ಹೆಸರು, ಅರ್ಧ.

ಸಾಕಾಗುತ್ತದೋ ಗೊತ್ತಿಲ್ಲ, ಅಮ್ಮಿ. ಸುಳ್ಳು ಹೇಳಲಾರೆ.
ಬೆಳಗಾದ ಮೇಲೆ ಆ ಆಸ್ಪತ್ರೆಗೆ ಹೋಗು, ಎಕ್ಸ್‌ರೇ ಕೇಳು,
ಕಾಲೇಜಿನಲ್ಲಿ ಒಂದು ಪತ್ರ ಕೇಳು,
ನಾಚಿಕೆಯನ್ನು ರೂಮಿನಲ್ಲೇ ಬಿಟ್ಟು ಹೋಗು.
ಅರ್ಜಿಯಲ್ಲಿ ದೈನ್ಯ ಬೇಡ. ಬಡವಳು ಎಂದು ಬರೆಯಬೇಡ.
ಬಿದ್ದೆ. ಮುರಿಯಿತು. ಇಂಥ ದಿನ. ಇಷ್ಟೇ ಸಾಲು.

ಅಷ್ಟರಲ್ಲಿ ಅವಳ ತಾಯಿ, ಪುಟ್ಟಚಿಕ್ಕಮ್ಮ,
ತನ್ನ ಟೀ ಗಾಡಿಯಿಂದ ಲೋಟ ಹಿಡಿದು ಬಂದಳು.
ಯಾರ್ದಕ್ಕ ಫೋನು, ಇಷ್ಟೊತ್ತು?
ಯಾವುದೋ ಅರ್ಜಿ ಅನ್ನಲು ಬಾಯಿ ತೆರೆದೆ.
ಆ ತುದಿಯಲ್ಲಿ ಹುಡುಗಿ ಉಸಿರು ಹಿಡಿದಳು.

ಟೀ ಕೆಳಗಿಡು, ಕೂತ್ಕೊ ಅಂದೆ.
ಸ್ಪೀಕರ್ ಒತ್ತಿದೆ.